ಕಾರಣಕ್ಕೆ ಎರಡು ಸಾಲು

ಅಚ್ಚಿಗೆ ಹೋಗುವ ಹಾಳೆಗಳನ್ನು ತಾಳೆ ನೋಡುವ ಎಂಟು ಜನರಿರುವ ವಿಭಾಗದಲ್ಲಿ ಒಬ್ಬನಿಗೆ ಮಾತ್ರ ಅಗಲ ಪರದೆಯ ಮಾನಿಟರ್ ಕೊಡುತ್ತಾರಂತೆ ಎಂದರೆ, ಆ ಒಬ್ಬ ತಾನೇ ಯಾಕಾಗಬೇಕು ಎಂಬ ಪ್ರಶ್ನೆ ಹಲ್ಲುಜ್ಜುವಾಗಲೂ ಇತ್ತು, ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ಇತ್ತು. ನಿನ್ನೆ ಸಂಜೆ ಮನೆಗೆ ಹೊರಡುವ ಹೊತ್ತಿಗೆ ಮೇಜಿನ ಮೇಲೆ ಆ ಅರ್ಜಿ ಬಂದು ಕೂತಿತ್ತು. ಎರಡು ಪ್ರತಿ, ಒಂದು ಕಚೇರಿಗೆ, ಒಂದು ತನಗೆ. ‘ಈಗಿನ ಮಾನಿಟರ್ ಬದಲಿಸಿಕೊಳ್ಳಲು ಒಪ್ಪಿಗೆಯೇ? ಬೇಕು. ಬೇಡ. ಕಾರಣ.’ ಕಾರಣ ಬರೆಯಲು ಎರಡು ಗೆರೆ ಎಳೆದಿದ್ದರು. ಕೆಳಗೆ, ನಾಳೆ ಸಂಜೆ ಐದರೊಳಗೆ ಕೊಡತಕ್ಕದ್ದು. ಇನ್ನೂ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ‘ಹೆಸರು ಸೂಚಿಸಿದವರು: ನಾಲ್ಕನೇ ಮೇಜು.’ ನಾಲ್ಕನೇ ಮೇಜಿನಲ್ಲಿ ಕೂರುವವರು ಇಬ್ಬರೇ, ನಡುವೆ ಎದೆಯೆತ್ತರದ ಒಂದು ಹಲಗೆ. ಈಚೆ ಅವನು. ಆಚೆ, ವಿಭಾಗದವರೆಲ್ಲ ಅಕ್ಕ ಎಂದು ಕರೆಯುವ ಹೆಂಗಸು. ಅವನಂತೂ ತನ್ನ ಹೆಸರನ್ನು ತಾನೇ ಸೂಚಿಸಿಕೊಂಡಿರಲಿಲ್ಲ.

“ಏನು ಇಷ್ಟು ಬೇಗ?” ಎಂದಳು ಹೆಂಡತಿ, ತಟ್ಟೆ ಇಡುತ್ತ.

“ಕೆಲಸ ಇದೆ.”

“ನಿಮ್ಮ ಕೆಲಸಕ್ಕೆ ಕಾಲಿದ್ದಿದ್ರೆ ಅದೇ ಇಲ್ಲಿಗೆ ಬಂದು ತಿಂಡಿ ತಿನ್ಕೊಂಡು ಹೋಗ್ತಿತ್ತು. ನಿಮಗೆ ಓಡಾಟನಾದ್ರೂ ತಪ್ತಿತ್ತು.”

ಅವನು ನಗಲಿಲ್ಲ. ತಟ್ಟೆ ಖಾಲಿಯಾಯಿತೆಂದು ಏಳಬೇಕೆನ್ನುವಾಗ ಅವಳು ಹಿಂದಿನಿಂದ ಹಾದುಹೋಗುತ್ತ, ಮೇಜು ಒರೆಸುವ ನೆಪದಲ್ಲಿ, ಒಂದೇ ಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು. ಅಲ್ಲಿಯವರೆಗೂ ಇಲ್ಲದಿದ್ದ ಅರ್ಧ ತಿಂಡಿ ಕಣ್ಣೆದುರು ಬಂತು. ಅವಳು ಏನೂ ಆಗದವಳ ಹಾಗೆ ಒಲೆಯ ಕಡೆ ಹೋದಳು. ಅವನು ತಲೆ ತಗ್ಗಿಸಿ ಮತ್ತೆ ತಿನ್ನತೊಡಗಿದ. ತುತ್ತು ಗಂಟಲಲ್ಲಿ ಇಳಿಯುತ್ತಿದ್ದಾಗ ಹೊಳೆಯಿತು, ಇದು ಇವತ್ತಿನ ಸಂಗತಿಯಲ್ಲ. ಎಷ್ಟು ದಿನದಿಂದ ತಿರುಗಿಸುತ್ತಿದ್ದಾಳೆ? ಅವನು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಚೀಟಿಯನ್ನು ಅಲ್ಲೇ ಹರಿದು, ನಾಲ್ಕು ಬೀದಿ ದಾಟಿದ ಮೇಲೆ ಸಿಕ್ಕಿದ ಕಸದ ಡಬ್ಬಿಗೆ ಹಾಕಿದ್ದ. ಹಾಗಿದ್ದರೆ ಇವಳಿಗೆ ಹೇಳಿದವರು ಯಾರು? ಅಕ್ಕ ಒಂದು ದಿನ ಫೋನು ಮಾಡಿದ್ದಳಲ್ಲ, ಯಾವುದೋ ಸೀರೆಯ ವಿಷಯ ಎಂದು. ಸೀರೆಯ ವಿಷಯಕ್ಕೆ ಇಪ್ಪತ್ತು ನಿಮಿಷ ಬೇಕೇ?

ಒಂದು ವರ್ಷ ಎರಡು ತಿಂಗಳ ಹಿಂದಿನ ಮಾತು. ಭಾನುವಾರದ ಒಂದು ಮಧ್ಯಾಹ್ನ ತಲೆನೋವು ಬಂದು ಮಲಗಿದ್ದ. ಎದ್ದು ನಡೆದಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು, ಚೌಕಟ್ಟೇ ಪಕ್ಕಕ್ಕೆ ಸರಿದು ಬಂದು ಹೊಡೆದ ಹಾಗೆ. ಮಾರನೆಯ ವಾರ, ಮನೆಗೂ ಕಚೇರಿಗೂ ದೂರವಾದ ಒಂದು ಆಸ್ಪತ್ರೆ ಹುಡುಕಿಕೊಂಡು ಹೋದ. ಡಾಕ್ಟರು ಬೆಳಕಿನ ಚುಕ್ಕಿಗಳನ್ನು ತೋರಿಸಿ ಕಂಡಾಗೆಲ್ಲ ಗುಂಡಿ ಒತ್ತಲು ಹೇಳಿದರು, ಆಮೇಲೆ ಕಾಗದದ ಮೇಲೆ ಒಂದು ವೃತ್ತ ಬರೆದು ಅದರ ಎಡ ಅರ್ಧಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿದರು. “ಕಣ್ಣು ಚೆನ್ನಾಗೇ ಇದೆ. ಕಣ್ಣಿಂದ ತಲೆಗೆ ಹೋಗೋ ದಾರಿ ಒಂದು ಕಡೆ ಮುಚ್ಚಿದೆ. ಎರಡು ಕಣ್ಣಿಗೂ ಎಡಗಡೆ ಇಲ್ಲ ಅಂತ ಇಟ್ಕೊಳ್ಳಿ. ಕುತ್ತಿಗೆ ತಿರುಗಿಸೋ ಅಭ್ಯಾಸ ಮಾಡ್ಕೊಳ್ಳಿ. ಏನು ಕೆಲಸ ನಿಮ್ಮದು?” ಎಂದರು. “ಉಗ್ರಾಣದಲ್ಲಿ,” ಎಂದಿದ್ದ ಅವನು, ಯೋಚನೆಯನ್ನೇ ಮಾಡದೆ. ಡಾಕ್ಟರು ನಿಜವಾದ ಸಮಾಧಾನದಿಂದ ತಲೆದೂಗಿದರು. “ಸದ್ಯ. ಓದೋ ಕೆಲಸ ಅಲ್ವಲ್ಲ.” ಆ ‘ಸದ್ಯ’ ಎಂಬ ಪದ ಅವನ ಜೊತೆ ಮನೆಯವರೆಗೂ ಬಂತು. ಈಗಲೂ ಬರುತ್ತದೆ. ಡಾಕ್ಟರು ಕಪ್ಪು ತುಂಬಿದ್ದರು ನಿಜ, ಆದರೆ ಅಲ್ಲಿ ಕಪ್ಪು ಕಾಣುವುದಿಲ್ಲ. ಅಲ್ಲಿ ಏನೂ ಇಲ್ಲ ಎನ್ನುವುದೂ ಕಾಣುವುದಿಲ್ಲ. ಲೋಕ ಅಷ್ಟೇ ಎಂದು ಕಾಣುತ್ತದೆ, ತುಂಬಿಕೊಂಡೇ ಕಾಣುತ್ತದೆ, ಮತ್ತು ಆ ತುಂಬಿದ ಲೋಕದೊಳಕ್ಕೆ ಎಲ್ಲಿಂದಲೋ ಒಂದು ಸೈಕಲ್ಲು, ಒಂದು ನಾಯಿ, ಒಬ್ಬ ಮನುಷ್ಯ ಹೊಂಚಿ ಕೂತಿದ್ದವರ ಹಾಗೆ ದಿಢೀರನೆ ಹಾರಿ ಬರುತ್ತಾರೆ. ಒಂದು ವರ್ಷ ಹೀಗೆ ಬದುಕಿದವನಿಗೆ ಎಲ್ಲರೂ ಹೊಂಚು ಹಾಕುತ್ತಿದ್ದಾರೆ ಅನ್ನಿಸಿದರೆ ಅದನ್ನು ತಪ್ಪು ಎನ್ನಲಾಗದು.

ಬಸ್ಸಿನಲ್ಲಿ ಅವನು ಎಡಗಡೆಯ ಕಿಟಕಿಗೆ ಒತ್ತಿ ಕೂತ. ಆ ಕಡೆ ಗೋಡೆ ಇದ್ದರೆ ಧೈರ್ಯ. ಅವನ ಕೆಲಸ ಓದುವ ಕೆಲಸವೇ, ಅದರಲ್ಲೂ ಓದನ್ನು ಬಿಟ್ಟರೆ ಬೇರೇನೂ ಇಲ್ಲದ ಕೆಲಸ. ಔಷಧದ ಪೆಟ್ಟಿಗೆಯೊಳಗೆ ಹದಿನಾರು ಮಡಿಕೆಯಾಗಿ ಮಲಗಿರುವ ಚೀಟಿ ಇದೆಯಲ್ಲ, ಯಾರೂ ಓದದೆ ಬಿಸಾಡುವಂಥದ್ದು, ಅದನ್ನು ಅವನು ಇಪ್ಪತ್ತೆಂಟು ವರ್ಷದಿಂದ ಅಕ್ಷರ ಅಕ್ಷರ ಓದುತ್ತಾ ಬಂದಿದ್ದಾನೆ. ಔಷಧದ ಕಂಪನಿ ಒಪ್ಪಿದ ಹಳೆಯ ಹಾಳೆ ಒಂದು, ಅಚ್ಚಿಗೆ ಹೋಗಲಿರುವ ಹೊಸ ಹಾಳೆ ಒಂದು. ಎರಡೂ ತಾಳೆಯಾಗುತ್ತವೆಯೇ ನೋಡುವುದು, ಆಗದಿದ್ದರೆ ಗುರುತು ಹಾಕುವುದು. ಮೊದಲೆಲ್ಲ ಇದು ಇಬ್ಬರ ಕೆಲಸವಾಗಿತ್ತು. ಒಬ್ಬರು ಹಳೆಯ ಹಾಳೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಅವನೂ ಅಕ್ಕನೂ ಹನ್ನೊಂದು ವರ್ಷ ಜೋಡಿ. ಪೂರ್ಣವಿರಾಮ ಬಂದರೆ ಮೇಜಿನ ಮೇಲೆ ಬೆರಳಿನಿಂದ ಒಂದು ಬಡಿತ, ಅಲ್ಪವಿರಾಮಕ್ಕೆ ಎರಡು, ಸಾಲು ಬದಲಾದರೆ ಉಗುರಿನಿಂದ ಮರದ ಮೇಲೆ ಒಂದು ಗೀರು. ‘ದಿನಕ್ಕೆ ಎರಡು ಮಾತ್ರೆ, ಟಕ್ ಟಕ್, ಊಟವಾದ ಮೇಲೆ, ಟಕ್, ಕರ್ರ್.’ ಹೊರಗಿನವರು ಬಂದರೆ ಇಲ್ಲೇನು ಭಜನೆ ನಡೆಯುತ್ತಿದೆಯೋ ಎಂದುಕೊಳ್ಳುತ್ತಿದ್ದರು. ಆಮೇಲೆ ಕಂಪ್ಯೂಟರುಗಳು ಬಂದವು, ಜೋಡಿಗಳನ್ನು ಒಡೆದರು, ಒಂದೇ ಮೇಜಿನ ನಡುವೆ ಹಲಗೆ ನಿಲ್ಲಿಸಿದರು. ಅವನ ಬೆರಳು ಮಾತ್ರ ಕೇಳಲಿಲ್ಲ. ಮನಸ್ಸಿನೊಳಗೆ ಓದುವಾಗಲೂ ಬಡಿಯುತ್ತಲೇ ಇತ್ತು. ಹೊಸಬರು ಅವನಿಗೆ ಟಕ್‌ಟಕ್ ಸಾರ್ ಎಂದು ಹೆಸರಿಟ್ಟರು. ಅವನಿಗೆ ಗೊತ್ತಾಗದಂತೆ ಇಟ್ಟಿದ್ದೇವೆಂದು ಅವರು ತಿಳಿದಿದ್ದರು.

ಕಚೇರಿಗೆ ಇಷ್ಟು ಬೇಗ ಹೊರಟದ್ದಕ್ಕೂ ಕಾರಣವಿತ್ತು. ಮೂರು ತಿಂಗಳಿಂದ ಅವನೊಂದು ವಿಷಯ ಗಮನಿಸುತ್ತಿದ್ದ. ಹಿಂದಿನ ದಿನ ತಾನು ಮುಗಿಸಿಟ್ಟ ಹಾಳೆಯ ಮೇಲೆ ಮರುದಿನ ಬೆಳಗಿನ ಎಂಟು ಗಂಟೆಯ ಮುದ್ರೆ ಇರುತ್ತಿತ್ತು: ಕೊನೆಯ ಬಾರಿ ತೆರೆದದ್ದು ಎಂಟು ಹತ್ತು, ಎಂಟು ಹದಿನೈದು. ಅವನು ಬರುವುದು ಒಂಬತ್ತಕ್ಕೆ. ಒಂದು ಮೇಜಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟಿದ್ದರಿಂದ ಆ ಮುದ್ರೆ ಹಾಕಬಲ್ಲವರು ಹಲಗೆಯ ಆಚೆ ಇರುವವಳೊಬ್ಬಳೇ. ತನ್ನ ಮುಗಿದ ಹಾಳೆಯನ್ನು ಬೆಳಗ್ಗೆ ಕದ್ದು ತೆರೆದು ಅವಳು ಮಾಡುವುದೇನು? ಈ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಹೋಗುವ ಮುಂಚೆ ಲೆಕ್ಕ ಚುಕ್ತಾ ಮಾಡಿ ಹೋಗಬೇಕೆಂಬ ಆಸೆ ಯಾರಿಗಿರುವುದಿಲ್ಲ? ಅವಳಿಗೆ ಅವನ ಮೇಲೆ ಒಂದು ಲೆಕ್ಕ ಇತ್ತು. ಅದು ಅವಳಿಗೆ ಗೊತ್ತಿಲ್ಲ ಎಂದುಕೊಂಡೇ ಅವನು ಒಂದು ವರ್ಷ ಅವಳ ಎದುರು ಕೂತು ನಕ್ಕಿದ್ದ.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಸಾಲು ಮೇಜುಗಳೆಲ್ಲ ಖಾಲಿ, ಒಂದೇ ದೀಪ ಉರಿಯುತ್ತಿತ್ತು. ಅಕ್ಕ ಬೆನ್ನು ಮಾಡಿ ಕೂತಿದ್ದಳು, ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಾಗಿ. ಅವಳ ಕೈಯಲ್ಲೊಂದು ರಟ್ಟಿನ ತುಂಡು. ಅದನ್ನು ಪರದೆಗೆ ಒತ್ತಿ ಹಿಡಿದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಜಾರಿಸುತ್ತಿದ್ದಳು, ಅಳತೆ ತೆಗೆಯುವ ದರ್ಜಿಯ ಹಾಗೆ. ಅವನ ಚಪ್ಪಲಿ ಸದ್ದಾಯಿತು. ರಟ್ಟು ಖಾನೆಗೆ ಹೋಯಿತು, ಪರದೆ ಬದಲಾಯಿತು.

“ಓ, ಬೇಗ ಬಂದ್ರಿ?” ಎಂದಳು. “ಮನೇಲಿ ಗಡಿಯಾರ ಕೆಟ್ಟಿದೆಯಾ?”

“ನಿಮ್ಮ ಮನೇದೂ ಕೆಟ್ಟಿರೋ ಹಾಗಿದೆ.”

“ನಂಗೇನು ಸಾರ್, ಇನ್ನು ಹದಿನೇಳು ದಿನ. ಆಮೇಲೆ ಗಡಿಯಾರಕ್ಕೂ ನಂಗೂ ಮಾತುಕತೆ ಇಲ್ಲ.” ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಹಲಗೆ ಸುತ್ತಿಕೊಂಡು ಬಂದು ಅವನ ಬಲಗೈ ಪಕ್ಕಕ್ಕೆ ಇಟ್ಟಳು. ಬಲಗೈ ಪಕ್ಕಕ್ಕೇ. ಹೋದ ವರ್ಷ ಎಡಗಡೆ ಇಟ್ಟ ಲೋಟವನ್ನು ಅವನು ಎರಡು ಸಲ ಕೆಡವಿದ್ದ. ಅದಾದ ಮೇಲೆ ಲೋಟ ಯಾವತ್ತೂ ಎಡಕ್ಕೆ ಬಂದಿಲ್ಲ. ಇದನ್ನು ಅವನು ಇವತ್ತು ಮೊದಲ ಸಲ ಲೋಟ ಇಟ್ಟವಳ ಕಡೆಯಿಂದ ಯೋಚಿಸಿದ. ಟೀ ಆರಿತು, ಕುಡಿಯಲಿಲ್ಲ.

ಹನ್ನೊಂದು ಗಂಟೆಗೆ ಎಲ್ಲರನ್ನೂ ಸಭೆಯ ಕೋಣೆಗೆ ಕರೆದರು. ಮಾನಿಟರ್ ಮಾರುವವನು ಬಂದಿದ್ದ, ಹೊಳೆಯುವ ಬೂಟು, ಕೈತುಂಬ ಹಾಳೆ. ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸಿದ ಆ ವಸ್ತು ಮಾನಿಟರಿನ ಹಾಗಿರಲಿಲ್ಲ, ಯಾರೋ ಎರಡು ಕೈ ಚಾಚಿ ತಬ್ಬಿಕೊಳ್ಳಲು ಬರುವ ಹಾಗೆ ಎರಡೂ ತುದಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅವನಿಗೆ ಅದರ ಒಂದೇ ಕೈ ಕಾಣುತ್ತಿತ್ತು. ಈಗಿನ ಮೇಜಿನಲ್ಲಿ ಅವನಿಗೆ ಎರಡು ಹಳೆಯ ಮಾನಿಟರುಗಳಿದ್ದವು. ಎಡಗಡೆಯದರಲ್ಲಿ ಕ್ಯಾಲೆಂಡರು ತೆರೆದಿಟ್ಟು, ಹಳೆಯ ಹಾಳೆ ಹೊಸ ಹಾಳೆ ಎರಡನ್ನೂ ಬಲಗಡೆಯದರಲ್ಲಿ ಒಂದರ ಕೆಳಗೊಂದು ಇಟ್ಟುಕೊಂಡು ಹೇಗೋ ಸಾಗಿಸುತ್ತಿದ್ದ. ಇಷ್ಟು ವರ್ಷದ ಅನುಭವಿ, ಅವನದೊಂದು ಪದ್ಧತಿ, ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಇಂಥ ಒಂದು ಬಯಲನ್ನು ಎದುರಿಗಿಟ್ಟುಕೊಂಡು ಅದರ ಒಂದು ಮೂಲೆಯಲ್ಲಿ ಎರಡೂ ಹಾಳೆಗಳನ್ನು ಕಿಕ್ಕಿರಿಸಿ ಕೂತರೆ, ಹಾದುಹೋಗುವ ಕಸ ಗುಡಿಸುವವಳಿಗೂ ಅನುಮಾನ ಬಂದೀತು. ಅದಕ್ಕೇ ಕೊಡುತ್ತಿದ್ದಾರೆ, ಎಂದುಕೊಂಡ. ಬಾಯಿಬಿಟ್ಟು ಕೇಳುವ ಬದಲು ಬಯಲಿಗೆ ತಂದು ನಿಲ್ಲಿಸುತ್ತಿದ್ದಾರೆ.

“ನೋಡಿ ಸಾರ್, ನಡುವೆ ಗೆರೆ ಇಲ್ಲ, ಸಂದು ಇಲ್ಲ,” ಎಂದು ಮಾರುವವನು ಒಂದು ಚಿತ್ರ ತೆರೆದ. ಹಸಿರು ಕೊಂಬೆ, ಅದರ ಮೇಲೆ ಗಿಳಿಗಳು. “ಇದರಲ್ಲಿ ಯಾರು ಕೂರೋದು? ನೀವಾ? ಬನ್ನಿ ಸಾರ್, ಮುಂದೆ ಬನ್ನಿ. ಸುಮ್ನೆ ಒಂದು ಆಟ. ಗಿಳಿ ಎಷ್ಟಿವೆ ಹೇಳಿ.”

ಅವನು ಕೂತ. ಕೊಂಬೆಯನ್ನು ನೋಡಿದ. ಗಿಳಿಗಳು ಸ್ಪಷ್ಟವಾಗಿದ್ದವು, ಕೊಕ್ಕಿನ ಕೆಂಪು ಸಹ. ಕೊಂಬೆ ಪೂರ್ತಿಯಾಗಿತ್ತು. ತಪ್ಪುವ ಸಾಧ್ಯತೆಯೇ ಇಲ್ಲದವನ ಧ್ವನಿಯಲ್ಲಿ “ನಾಲ್ಕು,” ಎಂದ.

ಯಾರೋ ಹಿಂದೆ ಕಿಸಕ್ಕೆಂದರು. “ಟಕ್‌ಟಕ್ ಸಾರ್ ಬಡ್ಡಿ ಮುರ್ಕೊಂಡು ಹೇಳ್ತಿದ್ದಾರೆ!” ಕೋಣೆಯೆಲ್ಲ ನಗು. ಅವನು ಕುತ್ತಿಗೆ ತಿರುಗಿಸಿದ. ಎಡಗಡೆಯ ಕೊಂಬೆಯ ಮೇಲೆ, ಅಷ್ಟೂ ಹೊತ್ತು ಅಲ್ಲೇ ಕೂತಿದ್ದ ಮೂರು ಗಿಳಿಗಳು ಅವನನ್ನೇ ನೋಡುತ್ತಿದ್ದವು. ಮ್ಯಾನೇಜರ್ ನಗಲಿಲ್ಲ. ಅವರು ಅವನ ಕಡೆ ನೋಡಿದರು, ಪರದೆಯ ಕಡೆ ನೋಡಿದರು, ಮತ್ತೆ ಅವನ ಕಡೆ. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅಕ್ಕ, “ನಂಗೂ ನಾಲ್ಕೇ ಕಂಡಿದ್ದು ಕಣ್ರೀ. ಹಸಿರಿನ ಮೇಲೆ ಹಸಿರು ಕೂರಿಸಿ ಎಣಿಸು ಅಂದ್ರೆ ಯಾರಿಗೆ ಕಾಣುತ್ತೆ? ಮುಂದಿನ ಸಲ ಕಾಗೆ ಹಾಕ್ಕೊಂಡು ಬನ್ನಿ,” ಎಂದಳು. ಮಾರುವವನು ಪೆಚ್ಚಾಗದೆ, “ಅಷ್ಟು ಅಗಲ ಮೇಡಂ ನಮ್ಮ ಸ್ಕ್ರೀನು! ಪೂರ್ತಿ ನೋಡೋಕೆ ಎರಡು ದಿನ ಬೇಕು!” ಎಂದ. ನಗು ಅವನನ್ನು ಬಿಟ್ಟು ಬೇರೆ ಕಡೆ ಹೋಯಿತು.

ಆದರೆ ಅಕ್ಕನ ಕಣ್ಣು ಸೂಜಿಯ ಕಣ್ಣು. ಅಂಕಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ಹಿಡಿಯುವವಳಿಗೆ ನಾಲ್ಕು ಗಿಳಿ ಕಂಡವೇ? ಸುಳ್ಳು ಹೇಳಿದಳು. ಯಾರಿಗಾಗಿ? ಅವನಿಗೆ ಕೃತಜ್ಞತೆ ಬರಲಿಲ್ಲ, ಬಂದದ್ದು ಭಯ. ಹೋದ ವರ್ಷವೂ ಅವಳು ಹೀಗೇ, ಇದೇ ಕೋಣೆಯಲ್ಲಿ, ಇದೇ ಬಾಗಿಲ ಹತ್ತಿರ ನಿಂತು ಸುಳ್ಳು ಹೇಳಿದ್ದಳೆಂದು ಈಗ ಹೊಳೆಯಿತು. ಕೆಮ್ಮಿನ ಔಷಧದ ಹಾಳೆ. ‘12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಕೂಡದು’ ಎಂದಿರಬೇಕಾದದ್ದು ‘2 ವರ್ಷಕ್ಕಿಂತ’ ಎಂದಾಗಿ, ನಾಲ್ಕನೇ ಮೇಜಿನಿಂದ ತಾಳೆಯಾಗಿದೆ ಎಂಬ ಮುದ್ರೆ ಹೊತ್ತು ಅಚ್ಚಿನ ಕೋಣೆಗೆ ಹೋಗಿತ್ತು. ಸಾಲಿನ ಎಡತುದಿಯ ಒಂದೇ ಒಂದು ಅಂಕಿ. ಅಚ್ಚಿನವನ ಮನೆಯಲ್ಲಿ ಮೂರು ವರ್ಷದ ಮಗುವಿಗೆ ಕೆಮ್ಮು ಇದ್ದದ್ದರಿಂದ ಅವನು ಸುಮ್ಮನೆ ಕುತೂಹಲಕ್ಕೆ ಓದಿದ, ಎರಡು ಎಂದಿದ್ದದ್ದು ವಿಚಿತ್ರ ಅನ್ನಿಸಿ ಕೇಳಿದ. ಇಲ್ಲದಿದ್ದರೆ ಮೂವತ್ತು ಸಾವಿರ ಚೀಟಿ. ಮ್ಯಾನೇಜರ್ ಹಾಳೆ ಎತ್ತಿ ಹಿಡಿದು “ಇಬ್ಬರಲ್ಲಿ ಯಾರದು?” ಎಂದಾಗ ಅವನಿಗೆ ಗೊತ್ತಿತ್ತು. ಆ ಹಾಳೆ ನೋಡುತ್ತಿದ್ದ ದಿನ ಕಿಟಕಿಯ ಹೊರಗೆ ಯಾರೋ ಏಣಿ ಇಟ್ಟು ಬಣ್ಣ ಬಳಿಯುತ್ತಿದ್ದರು ಎಂಬುದು ಸಹ ನೆನಪಿತ್ತು. ಬಾಯಿ ತೆರೆದ. ನಾಲಿಗೆ ಅಂಗುಳಕ್ಕೆ ತಾಗಿತು. “ನಂದೇ ಇರ್ಬೇಕು ಸಾರ್,” ಎಂದಳು ಅಕ್ಕ. ಅವನು ಬಾಯಿ ಮುಚ್ಚಿದ. ಅಷ್ಟೇ. ಬಾಯಿ ಮುಚ್ಚುವುದಕ್ಕೆ ಎಷ್ಟು ಹೊತ್ತು ಬೇಕು? ಅವಳಿಗೆ ಎಚ್ಚರಿಕೆಯ ಪತ್ರ ಬಂತು, ಆ ವರ್ಷ ಅವಳಿಗೆ ಸಿಗಬೇಕಿದ್ದ ವಿಭಾಗದ ಮುಖ್ಯಸ್ಥೆಯ ಸ್ಥಾನ ಬೇರೆಯವರಿಗೆ ಹೋಯಿತು. ಅವನು ದಿನಗಟ್ಟಲೆ ತನಗೆ ತಾನೇ ಹೇಳಿಕೊಂಡ, ಅವಳೇ ಒಪ್ಪಿಕೊಂಡ ಮೇಲೆ ಅವಳದೇ ಇದ್ದರೂ ಇರಬಹುದು, ಏಣಿ ಕಂಡದ್ದು ಬೇರೆ ದಿನವಿರಬಹುದು ಎಂದು. ಮನುಷ್ಯನ ನೆನಪಿಗೂ ಒಂದು ಎಡಗಡೆ ಇರುತ್ತದೆ.

ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದರು. ಅಕ್ಕನೂ ಡಬ್ಬಿ ಹಿಡಿದು ಹೋದಳು. “ಬರಲ್ವಾ?” ಎಂದಳು. “ಹಸಿವಿಲ್ಲ,” ಎಂದ. ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಕರಗಿದ ಮೇಲೆ ಎದ್ದು, ಹಲಗೆ ಸುತ್ತಿಕೊಂಡು ಹೋಗಿ ಅವಳ ಕುರ್ಚಿಯಲ್ಲಿ ಕೂತ. ಕುರ್ಚಿ ಇನ್ನೂ ಬೆಚ್ಚಗಿತ್ತು. ಐವತ್ತನಾಲ್ಕು ವರ್ಷಕ್ಕೆ ಒಬ್ಬ ಹೆಂಗಸಿನ ಖಾನೆ ಎಳೆಯುತ್ತಿದ್ದೇನೆ ಎಂದು ನಾಚಿಕೆಯಾಯಿತು, ಆದರೂ ಕೈ ಎಳೆಯಿತು. ಒಳಗೆ ಬಾಚಣಿಗೆ, ತಲೆನೋವಿನ ಮುಲಾಮು, ದಾರದುಂಡೆ. ಅದರ ಕೆಳಗೆ ರಟ್ಟು. ಯಾವುದೋ ಔಷಧದ ಪೆಟ್ಟಿಗೆ ಕತ್ತರಿಸಿ ಮಾಡಿದ್ದು. ಎಡ ಅಂಚಿನ ಹತ್ತಿರ ಬ್ಲೇಡಿನಿಂದ ಉದ್ದಕ್ಕೆ ಒಂದು ಕಿಂಡಿ ಕೊರೆದಿದ್ದಳು, ಹೆಬ್ಬೆರಳಿನಷ್ಟು ಅಗಲ. ಕಿಂಡಿಯ ಅಂಚು ಬೆರಳಾಡಿ ಆಡಿ ಎಣ್ಣೆಗಪ್ಪಾಗಿತ್ತು. ಅವನು ಅದನ್ನು ಅವಳ ಪರದೆಯ ಮೇಲಿದ್ದ ಹಾಳೆಗೆ ಹಿಡಿದ. ಹಾಳೆಯೆಲ್ಲ ಮುಚ್ಚಿಹೋಯಿತು. ಕಿಂಡಿಯಲ್ಲಿ ಉಳಿದದ್ದು ಪ್ರತಿ ಸಾಲಿನ ಮೊದಲ ಪದ ಮಾತ್ರ, ಒಂದರ ಕೆಳಗೊಂದು, ಮೆಟ್ಟಿಲಿನ ಹಾಗೆ. ಅವನ ಹಾಳೆ. ನಿನ್ನೆ ಅವನು ಮುಗಿಸಿದ್ದು.

ರಟ್ಟಿನ ಕೆಳಗೊಂದು ಕಿರುಪುಸ್ತಕ. ತೆರೆದ. ಸಾಕ್ಷಿ ಸಂಗ್ರಹಿಸಿದ್ದಾಳೆ, ಎಂದುಕೊಂಡೇ ತೆರೆದ. ದಿನಾಂಕ, ಔಷಧದ ಹೆಸರು, ಆಮೇಲೆ ಅವಳ ದುಂಡು ಅಕ್ಷರ: ‘ಏಳನೇ ಸಾಲು, ಮೊದಲ ಪದ. ತಿದ್ದಿದೆ.’ ‘ಮೂರನೇ ಸಾಲು, ಮೊದಲ ಅಂಕಿ. ತಿದ್ದಿದೆ.’ ‘ಹದಿನೈದನೇ ಸಾಲು, ಮೊದಲ ಪದ. ತಿದ್ದಿದೆ.’ ಪುಟ ತಿರುಗಿಸಿದ, ಇನ್ನೂ ಇದ್ದವು. ಎಲ್ಲೂ ಅವನ ಹೆಸರಿರಲಿಲ್ಲ. ಹೆಸರಿನ ಮೊದಲ ಅಕ್ಷರವೂ ಇರಲಿಲ್ಲ. ಮೊದಲ ನಮೂದು ಹೋದ ವರ್ಷದ್ದು, ಕೆಮ್ಮಿನ ಔಷಧದ ಪ್ರಕರಣವಾದ ಮೂರನೆಯ ದಿನ. ಮುದ್ರೆಗಳನ್ನು ತಾನು ಗಮನಿಸಿದ್ದು ಮೂರು ತಿಂಗಳಿಂದ, ಅಷ್ಟೇ. ನಮೂದುಗಳನ್ನು ಎಣಿಸಿದ. ಮೂವತ್ತೊಂದು ಸಲ. ಮೂವತ್ತೊಂದು ಸಲ ಅವನು ಮೇಜಿನ ಮೇಲೆ ಬೆರಳು ಬಡಿದು, ಮುದ್ರೆ ಒತ್ತಿ, ನೆಮ್ಮದಿಯಾಗಿ ಬಸ್ಸು ಹತ್ತಿದ್ದ. ಅವನಿಗೆ ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ವೈರಿಯಾದರೆ ಎದುರು ನಿಲ್ಲಬಹುದು, ಇದರ ಎದುರು ಎಲ್ಲಿ ನಿಲ್ಲುವುದು? ಬೆಳಗ್ಗೆ ತಟ್ಟೆ ತಿರುಗಿಸಿದ ಬೆರಳು ನೆನಪಾಯಿತು. ಎಷ್ಟು ಜನ, ಎಲ್ಲೆಲ್ಲಿ, ತನಗೆ ಕಾಣದ ಅರ್ಧದಲ್ಲಿ ನಿಂತು ಏನೇನನ್ನು ಸರಿಸಿ ಇಡುತ್ತಿದ್ದಾರೋ. ಇಷ್ಟು ದಿನ ಹೊಂಚು ಎಂದುಕೊಂಡದ್ದೆಲ್ಲ ಇದೇ ಏನು?

“ನನ್ನ ಕುರ್ಚಿ ಚೆನ್ನಾಗಿದೆಯಾ ಸಾರ್?”

ಎಡಗಡೆಯಿಂದ ಬಂದಿದ್ದಳು. ಅವನು ಬೆಚ್ಚಿ ಪುಸ್ತಕ ಬೀಳಿಸಿದ. ಅಕ್ಕ ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಡಬ್ಬಿಯ ಪಕ್ಕಕ್ಕಿಟ್ಟಳು. ಕೋಪ ಮಾಡಲಿಲ್ಲ. ಅವನ ಕುರ್ಚಿಯನ್ನು ಎಳೆದು ತಂದು ಅವನ ಬಲಕ್ಕೆ ಹಾಕಿಕೊಂಡು ಕೂತಳು.

“ಹೇಗೆ ಗೊತ್ತಾಯ್ತು?” ಎಂದ. ಧ್ವನಿ ತನ್ನದಲ್ಲ ಅನ್ನಿಸಿತು.

“ನಿಮ್ಮ ಉಗುರು ನಿಂತುಹೋಯ್ತಲ್ಲ.”

“ಏನು?”

“ಸಾಲು ಬದಲಾದಾಗ ಗೀರ್ತಿದ್ರಲ್ಲ. ಹನ್ನೊಂದು ವರ್ಷ ಎದುರು ಕೂತು ಕೇಳಿದೀನಿ, ಆಮೇಲೆ ಹಲಗೆ ಆಚೆಯಿಂದಾನೂ ಕೇಳಿದೀನಿ. ಒಂದಿನ ಬಡಿತ ಇದೆ, ಗೀರೇ ಇಲ್ಲ. ಸಾಲು ಎಲ್ಲಿ ಶುರು ಅಂತ ಹುಡುಕ್ತಿದ್ರಿ ಅನ್ಸುತ್ತೆ. ಹುಡುಕೋರಿಗೆ ಗೀರೋಕೆ ಪುರುಸೊತ್ತೆಲ್ಲಿ?”

“ಯಾಕೆ ಹೇಳ್ಲಿಲ್ಲ?”

“ನೀವ್ಯಾಕೆ ಹೇಳ್ಲಿಲ್ಲ?” ಈಗ ಅವಳ ಧ್ವನಿಯಲ್ಲಿ ಏನೋ ಗಟ್ಟಿಯಾದದ್ದು ಇತ್ತು. “ಆವತ್ತು ನಂದು ಅಂದಿದ್ದು ಒಂದು ದಿನಕ್ಕೆ ಸಾರ್. ಮುಖ ಬಿಳಿಚ್ಕೊಂಡು ನಿಂತಿದ್ರಿ, ಇವತ್ತು ಮನೆಗೆ ಹೋಗಿ ಸುಧಾರಿಸ್ಕೊಳ್ಲಿ, ನಾಳೆ ತಾವೇ ಹೋಗಿ ಹೇಳ್ತಾರೆ ಅಂದ್ಕೊಂಡೆ. ನಾಳೆ ನಾಳೆ ಅಂತ ವರ್ಷ ಆಯ್ತು. ನಂಗೂ ಸಿಟ್ಟು ಬರುತ್ತೆ, ನಾನೇನು ಗೋಡೆಗೆ ಹಾಕಿರೋ ಪಟ ಅಲ್ಲ.”

ಅವನು ಕೈ ನೋಡಿಕೊಂಡ. ಬಲಗೈ ಮಾತ್ರ ಕಂಡಿತು.

“ತಂಗಿಗೆ ಹುಷಾರಿಲ್ಲ ಅಂತ ಹತ್ತು ದಿನ ರಜಾ ಹಾಕಿದ್ನಲ್ಲ, ಅಷ್ಟೂ ದಿನ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ವಾಪಸ್ ಬಂದು ನೋಡಿದ್ರೆ ಒಂದು ಹೋಗೇಬಿಟ್ಟಿತ್ತು. ಪುಣ್ಯಕ್ಕೆ ಅದು ವಿಳಾಸದ ಸಾಲು, ಯಾರಿಗೂ ಏನೂ ಆಗೋದಲ್ಲ. ಆವತ್ತು ಅನ್ನಿಸ್ತು, ನಾನು ಮಾಡ್ತಿರೋದೂ ಸರಿ ಇಲ್ಲ ಅಂತ.” ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. “ಇನ್ನು ಹದಿನೇಳು ದಿನ. ಆಮೇಲೆ ರಟ್ಟು ಹಿಡಿಯೋರು ಯಾರು? ಅದಕ್ಕೇ ಆ ದೊಡ್ಡ ಪರದೆಗೆ ನಿಮ್ಮ ಹೆಸರು ಕೊಟ್ಟೆ. ಜಾಗ ಜಾಸ್ತಿ ಇದ್ರೆ ಹಾಳೇನ ಬೇಕಾದ ಕಡೆ ಸರಿಸ್ಕೋಬಹುದು, ಅಕ್ಷರ ದೊಡ್ಡದು ಮಾಡ್ಕೋಬಹುದು ಅಂತ. ಗಿಳಿ ನೋಡಿದ ಮೇಲೆ ಗೊತ್ತಾಯ್ತು, ಅದರಿಂದ ಆಗೋ ಕೆಲಸ ಅಲ್ಲ ಇದು.”

“ನನ್ನ ಹೆಂಡತಿಗೆ ನೀವು ಹೇಳಿದ್ರಾ?”

ಅಕ್ಕ ನಿಜವಾಗಿ ಬೆರಗಾದಳು. “ಇಲ್ವಲ್ಲ. ಆಕೆಗೂ ಗೊತ್ತಾ? ಹಾಗಿದ್ರೆ ಪಾಪ, ನೀವೇ ಹೇಳ್ತೀರ ಅಂತ ಆಕೇನೂ ಕಾಯ್ತಿದ್ದಾರೆ.”

ಮಧ್ಯಾಹ್ನವೆಲ್ಲ ಅವನು ಅರ್ಜಿಯ ಎದುರು ಕೂತ. ಬೇಕು ಎಂದು ಬರೆದು ಕಾರಣದ ಜಾಗದಲ್ಲಿ ‘ಕೆಲಸದ ಅನುಕೂಲಕ್ಕೆ’ ಎಂದರೆ ಮುಗಿಯಿತು. ಬೇಡ ಎಂದು ಬರೆದು ‘ಈಗಿನದೇ ಅಭ್ಯಾಸವಾಗಿದೆ’ ಎಂದರೂ ಮುಗಿಯಿತು. ಎರಡೂ ಎರಡೆರಡು ಪದ, ಎರಡನ್ನೂ ಯಾರೂ ಪ್ರಶ್ನಿಸುವುದಿಲ್ಲ. ಹದಿನೇಳು ದಿನವಾದ ಮೇಲೆ, ಯಾವುದೋ ಒಂದು ಸಾಲಿನ ಎಡತುದಿಯಲ್ಲಿ, ಒಂದು ಅಂಕಿ ಅವನ ಮುದ್ರೆ ಹೊತ್ತು ಯಾರದೋ ಮನೆಯ ಕಪಾಟಿಗೆ ಹೋಗುತ್ತದೆ. ಆ ಮನೆಯವರು ಚೀಟಿ ಬಿಡಿಸಿ, ಬೆಳಕಿಗೆ ಹಿಡಿದು, ಮಗುವಿನ ವಯಸ್ಸು ನೋಡಿಕೊಂಡು, ಚಮಚಕ್ಕೆ ಬಗ್ಗಿಸುತ್ತಾರೆ. ಅವರಿಗೆ ಅವನ ಮೇಲೆ ಯಾವ ಅನುಮಾನವೂ ಇರುವುದಿಲ್ಲ. ಅಚ್ಚಾದದ್ದನ್ನು ಯಾರು ಅನುಮಾನಿಸುತ್ತಾರೆ? ಅವನಿಗೆ ಈ ಇಡೀ ವರ್ಷದಲ್ಲಿ ಅನುಮಾನ ಬಾರದೆ ಉಳಿದ ಒಬ್ಬನೇ ಮನುಷ್ಯ ತಾನೇ ಎಂಬುದು ಆಗ ತಿಳಿಯಿತು, ಮತ್ತು ಪೆನ್ನಿನ ಮುಚ್ಚಳ ತೆಗೆದ.

ಐದಕ್ಕೆ ಹತ್ತು ನಿಮಿಷವಿತ್ತು. ಬರೆದು, ಎರಡನೆಯ ಪ್ರತಿಗೂ ಅದನ್ನೇ ಇಳಿಸಿದ. ಗೆರೆ ಎರಡೇ ಇದ್ದದ್ದರಿಂದ ಅಕ್ಷರ ಸಣ್ಣದಾಯಿತು. ಎದ್ದು ನಿಂತು ಕಚೇರಿಯ ಪ್ರತಿಯನ್ನು ಹಲಗೆಯ ಮೇಲಿನಿಂದ ಆಚೆಗೆ ಚಾಚಿದ.

“ಅಕ್ಕಾ, ನಾನು ಓದ್ತೀನಿ. ನೀವು ಹಿಡ್ಕೊಳ್ಳಿ.”

ಆಚೆ ಕುರ್ಚಿ ಕಿರುಗುಟ್ಟಿತು. ಹಾಳೆ ಅವನ ಕೈಯಿಂದ ಹೋಯಿತು. ಕನ್ನಡಕ ಹಣೆಗೇರಿರಬೇಕು. ಅವಳು ಪೂರ್ತಿ ಓದಿಬಿಟ್ಟಳೋ, ಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟಳೋ ಅವನಿಗೆ ತಿಳಿಯಲಿಲ್ಲ.

“ಹೂಂ,” ಎಂದಳು. “ಓದಿ.”

ಅವನು ಕೂತು, ತನ್ನ ಪ್ರತಿಯನ್ನು ಎದುರಿಗಿಟ್ಟುಕೊಂಡು, ಹಳೆಯ ಕಾಲದ ಧ್ವನಿ ತೆಗೆದ. ಏರಿಳಿತವಿಲ್ಲದ, ಯಾರದೂ ಅಲ್ಲದ ಧ್ವನಿ. “ಪರದೆ ಬೇಡ,” ಟಕ್ ಟಕ್, “ಓದಲು ಜೋಡಿ ಬೇಕು.” ಟಕ್. ಆಚೆಯಿಂದ ಅವಳ ಬೆರಳೂ ಬಡಿಯಿತು. “ನನಗೆ ಎಡಗಡೆ ಕಾಣುವುದಿಲ್ಲ.” ಟಕ್. ಅಕ್ಕಪಕ್ಕದ ಮೇಜುಗಳಲ್ಲಿ ಕೀಲಿಗಳ ಸದ್ದು ನಿಂತಿತು. ಯಾರೋ ಕುರ್ಚಿ ತಿರುಗಿಸಿದರು, ಎಡಗಡೆ, ಅವನು ನೋಡಲಿಲ್ಲ. “ಹೋದ ವರ್ಷದ ಕೆಮ್ಮಿನ ಔಷಧದ ತಪ್ಪು ಅಕ್ಕನದಲ್ಲ.” ಟಕ್.

ಆಚೆಯಿಂದ ಬಡಿತ ಬರಲಿಲ್ಲ.

ಅವನು ಕಾದ. ಬೆರಳು ಮೇಜಿನ ಮೇಲೆಯೇ ಇತ್ತು.

“ಎರಡನೇ ಸಾಲು,” ಎಂದಳು ಅಕ್ಕ, ಕಿರುಪುಸ್ತಕದಲ್ಲಿ ಬರೆದುಕೊಳ್ಳುವವಳ ಹಾಗೆ, ಆದರೆ ಅವಳ ಧ್ವನಿ ಸ್ವಲ್ಪ ಒಡೆದಿತ್ತು. “ಮೊದಲ ಪದ.”

ಅವನು ಹಾಳೆಯನ್ನು ನೋಡಿದ. ಸಾಲು ತುಂಬಿಕೊಂಡೇ ಇತ್ತು, ಏನೂ ಬಿಟ್ಟಂತಿರಲಿಲ್ಲ. ಅದನ್ನು ಬಿಟ್ಟದ್ದು ಕಣ್ಣೋ, ತಾನೋ? ಈ ಪ್ರಶ್ನೆಗೆ ಯಾವ ಡಾಕ್ಟರೂ ಚುಕ್ಕಿ ತೋರಿಸಿ ಉತ್ತರ ಹೇಳಲಾರರು. ಅವನು ಹಾಳೆಯನ್ನು ಎರಡೂ ಕೈಯಿಂದ ಹಿಡಿದು ಬಲಕ್ಕೆ ಸರಿಸಿದ, ಇನ್ನೂ ಸರಿಸಿದ, ಕುತ್ತಿಗೆಯನ್ನು ಎಡಕ್ಕೆ, ನೋಯುವಷ್ಟು ಎಡಕ್ಕೆ ತಿರುಗಿಸಿದ. ಅಂಚಿನಿಂದ, ಅಷ್ಟೂ ಹೊತ್ತು ಅಲ್ಲೇ ಕೂತಿದ್ದ ಪದ, ಅವನದೇ ಕೈಬರಹದಲ್ಲಿ, ನಿಧಾನವಾಗಿ ಒಳಗೆ ಬಂತು.

ಮೇಜಿನ ಮೇಲೆ ಉಗುರಿನಿಂದ ಉದ್ದಕ್ಕೆ ಒಂದು ಗೀರು ಎಳೆದ.

“ನನ್ನದು,” ಎಂದ, ಮತ್ತು ಎರಡು ಸಲ ಬಡಿದ.